ಬೋಜೊಲೆಯ ಬಿಳಿ ಗೆರೆಯ ದಾರಿಗಳು

ಗಂಗಾವತಿಯಲ್ಲಿ ಸೈಕಲ್ ತುಳಿಯುವವರಿಗೆ ಶನಿವಾರವೆಂದರೆ ಕಡ್ಡಾಯ ರಜೆ. ಅಂದು ಆನೆಗೊಂದಿಯ ಕಡೆಗೆ ಹೋಗುವಂತಿಲ್ಲ. ಅಂಜನಾದ್ರಿಗೆ ಹೊರಟ ಕಾರು, ಕ್ರೂಸರ್, ಬಸ್ಸುಗಳು ನಸುಕಿನಿಂದಲೇ ರಸ್ತೆಯನ್ನು ತುಂಬಿಕೊಂಡಿರುತ್ತವೆ. ಹಲವು ವರ್ಷಗಳಿಂದ ಈ ಭಾಗದಲ್ಲಿ ಸೈಕಲ್ ತುಳಿಯುತ್ತ ಬಂದಿರುವ ನಾನು, ಗದ್ದಲವಿಲ್ಲದ ದಾರಿಯೆಂಬುದು ಬೇಗ ಎದ್ದವನಿಗೆ ಮಾತ್ರ ಸಿಗುವಂಥದ್ದು, ಏಳು ಗಂಟೆಯಾದ ಮೇಲೆ ಅದು ಯಾರಿಗೂ ಸಿಗದು ಎಂದೇ ತಿಳಿದಿದ್ದೆ. ಕಳೆದ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಓದುತ್ತಿರುವ ನನ್ನ ತಂಗಿಯ ಮಗನ ಕೋಣೆಯಲ್ಲಿ ಹನ್ನೆರಡು ದಿನ ಉಳಿದು, ಅಲ್ಲಿಂದ ಉತ್ತರಕ್ಕಿರುವ ಬೋಜೊಲೆ ಎಂಬ ದ್ರಾಕ್ಷಿ ಸೀಮೆಯ ಗುಡ್ಡಗಳಲ್ಲಿ ತಿರುಗಾಡಿ ಬಂದ ಮೇಲೆ ಆ ತಿಳಿವಳಿಕೆಯನ್ನು ಬದಲಿಸಿಕೊಳ್ಳಬೇಕಾಯಿತು.

ವೈನ್ ಮುಟ್ಟದ ಮನುಷ್ಯ ವೈನಿನ ಊರಿಗೆ ಏಕೆ ಹೋದ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ನಾನು ಹೋದದ್ದು ರಸ್ತೆಗಳಿಗಾಗಿ.

ಬೋಜೊಲೆಯು ಮಾಕೋನ್ ಮತ್ತು ಲಿಯೋನ್ ನಗರಗಳ ನಡುವೆ, ಸೋನ್ ನದಿಯ ಪಶ್ಚಿಮಕ್ಕೆ ಹಬ್ಬಿದೆ. ಅವಸರವಿರುವ ವಾಹನಗಳೆಲ್ಲ ನದಿಯ ಪಕ್ಕದ ಬಯಲಿನಲ್ಲೇ ಓಡುತ್ತವೆ. ಪ್ಯಾರಿಸಿನಿಂದ ಲಿಯೋನಿಗೆ ಬರುವ ಎ6 ಹೆದ್ದಾರಿ, ಅದಕ್ಕೂ ಹಿಂದಿನ ಹಳೆಯ ಹೆದ್ದಾರಿ, ರೈಲುದಾರಿ ಎಲ್ಲವೂ ಅಲ್ಲಿಯೇ ಇವೆ. ಆ ಬಯಲು ಸಮುದ್ರಮಟ್ಟದಿಂದ 200 ಮೀಟರ್ ಎತ್ತರವನ್ನೂ ಮುಟ್ಟುವುದಿಲ್ಲ. ಅದರಾಚೆ ಪಶ್ಚಿಮಕ್ಕೆ ನೆಲವು ದಿಢೀರನೆ ಏರತೊಡಗಿ, ಹದಿನೈದು ಕಿಲೋಮೀಟರಿನೊಳಗೆ 700 ಮೀಟರ್ ದಾಟುತ್ತದೆ. ಇಳಿಜಾರಿನಲ್ಲೆಲ್ಲ ದ್ರಾಕ್ಷಿ, ನೆತ್ತಿಯಲ್ಲಿ ಕಾಡು, ನಡುನಡುವೆ ಹಳ್ಳಿಗಳು, ಅವುಗಳನ್ನು ಪೋಣಿಸಿದಂತೆ ಕಿರಿದಾದ ಡಾಂಬರು ದಾರಿಗಳು. ದೂರದ ಊರಿಗೆ ಹೋಗುವ ಯಾರಿಗೂ ಈ ದಾರಿಗಳ ಅಗತ್ಯವೇ ಬೀಳುವುದಿಲ್ಲ. ಹಾಗಾಗಿ ನಡುಮಧ್ಯಾಹ್ನದಲ್ಲೂ ಅಲ್ಲಿ ಎದುರಾಗುವುದು ಒಂದು ಟ್ರ್ಯಾಕ್ಟರ್, ಅಂಚೆಯವನ ಹಳದಿ ವ್ಯಾನು, ಹೆಚ್ಚೆಂದರೆ ನಮ್ಮಂತೆಯೇ ಸೈಕಲ್ ಮೇಲೆ ಬಂದ ಮುದುಕರ ಗುಂಪು.

ಇಂಥ ದಾರಿಗಳನ್ನು ಹುಡುಕುವ ವಿದ್ಯೆಯನ್ನು ನನಗೆ ಕಲಿಸಿದ್ದು ಫೋನಲ್ಲ, ಮಿಷೆಲಿನ್ ಕಂಪನಿಯ ಕಾಗದದ ನಕ್ಷೆ. ಅದರಲ್ಲಿ ದೊಡ್ಡ ರಸ್ತೆಗಳು ಕೆಂಪು, ಎರಡನೆಯ ದರ್ಜೆಯವು ಹಳದಿ, ಉಳಿದ ಸಣ್ಣ ದಾರಿಗಳು ಬಿಳಿ. ರಸ್ತೆಯ ಅಂಚಿಗೆ ಹಸಿರು ಗೆರೆಯಿದ್ದರೆ ನೋಟ ಚೆನ್ನಾಗಿದೆಯೆಂದು ಅರ್ಥ. ರಸ್ತೆಯ ಮೇಲೆ ಬಾಣದ ತುದಿಯಂಥ ಗುರುತು ಒಂದಿದ್ದರೆ ಏರು ನೂರಕ್ಕೆ 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ 13ಕ್ಕೂ ಮೇಲೆ. ಫೋನಿನ ಆ್ಯಪ್ ಮೊದಲ ದಿನ ನನ್ನನ್ನು ಹಳದಿ ರಸ್ತೆಗೇ ಎಳೆದುಕೊಂಡು ಹೋಯಿತು, ಏಕೆಂದರೆ ಅದಕ್ಕೆ ಗೊತ್ತಿರುವುದು ಹತ್ತಿರದ ದಾರಿ. ಎರಡನೆಯ ದಿನದಿಂದ ನಾನು ಬಿಳಿ ಗೆರೆ, ಪಕ್ಕದಲ್ಲಿ ಹಸಿರು, ಮೇಲೆ ಒಂದಾದರೂ ಬಾಣ ಇರುವ ದಾರಿಗಳನ್ನೇ ಆರಿಸಿಕೊಂಡೆ. ಬಾಣದ ಗುರುತನ್ನು ಕಂಡು ಹಿಂಜರಿಯುವವರು ಬಹಳ ಮಂದಿ ಇರುವುದರಿಂದಲೇ ಆ ದಾರಿಗಳು ಖಾಲಿಯಾಗಿರುತ್ತವೆಂದು ನನಗೆ ತೋರುತ್ತದೆ.

ಎಲ್ಲಕ್ಕಿಂತ ಹೆಚ್ಚು ಮನಸ್ಸಿನಲ್ಲಿ ಉಳಿದ ಸುತ್ತು ಇದು. ಲಿಯೋನಿನಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಬೆಲ್‌ವಿಲ್‌ನಲ್ಲಿ ಇಳಿದರೆ, ಅಲ್ಲಿಂದ ಬೋಜ್ಯೂ ಎಂಬ ಊರಿನವರೆಗೆ ಆರ್ದಿಯೇರ್ ಹಳ್ಳದ ಕಣಿವೆಯಗುಂಟ ಹಳೆಯ ರೈಲುದಾರಿಯೊಂದು ಸೈಕಲ್ ದಾರಿಯಾಗಿ ಮಾರ್ಪಟ್ಟಿದೆ. ರೈಲು ಓಡಾಡಿದ ನೆಲವಾದ್ದರಿಂದ ಏರು ಇದ್ದೂ ಇಲ್ಲದಂತೆ, ಕಾಲಿಗೆ ತಿಳಿಯದಷ್ಟು ನಯವಾಗಿದೆ. ಈ ಸೀಮೆಗೆ ಹೆಸರು ಕೊಟ್ಟ ಬೋಜ್ಯೂ ಈಗ ಸಣ್ಣ ಪೇಟೆ. ಅಲ್ಲಿಂದ ಆವೆನಾ ಗ್ರಾಮದ ಮೇಲಿನ ಘಟ್ಟದವರೆಗೆ 400 ಮೀಟರಿಗೂ ಹೆಚ್ಚಿನ ಏರು. ಮೊದಲು ದ್ರಾಕ್ಷಿ ತೋಟಗಳು, ಆಮೇಲೆ ದನ ಮೇಯುವ ಹುಲ್ಲುಗಾವಲು, ಕೊನೆಗೆ ಕತ್ತಲುಗಟ್ಟಿದ ದೇವದಾರು ಜಾತಿಯ ಮರಗಳು. ಆವೆನಾದ ಪುಟ್ಟ ಇಗರ್ಜಿಯಲ್ಲಿ 12ನೆಯ ಶತಮಾನದ ಬಿಳಿ ಕಲ್ಲಿನ ಬಲಿಪೀಠವಿದೆ. ಅದರ ಕೆತ್ತನೆಯನ್ನು ನೋಡುವ ನೆಪದಲ್ಲಿ ತಂಪಾದ ಒಳಗೋಡೆಗೆ ಒರಗಿ ಕುಳಿತದ್ದೇ ಹೆಚ್ಚು. ನೆತ್ತಿಯಿಂದ ಪೂರ್ವಕ್ಕೆ ನೋಡಿದರೆ ಸೋನ್ ಬಯಲು ಪೂರ್ತಿ ಕಾಣುತ್ತದೆ, ಗಾಳಿ ಶುಭ್ರವಾಗಿದ್ದ ದಿನ ಅದರಾಚೆ ಆಲ್ಪ್ಸ್ ಸಾಲಿನ ಮೌಂಟ್ ಬ್ಲಾಂಕ್ ಕೂಡ.

ಅಲ್ಲಿಂದ ಶಿರೂಬ್ಲ್ ಹಳ್ಳಿಗೆ ಇಳಿಯುವಾಗಲೇ ನಾನು ಬಿದ್ದೆ. ನನ್ನ ಸ್ವಂತ ಸೈಕಲ್ಲಿನಲ್ಲಿ ಬಲಗೈ ಬ್ರೇಕು ಮುಂದಿನ ಗಾಲಿಯದ್ದು. ಅಲ್ಲಿ ಬಾಡಿಗೆಗೆ ಪಡೆದದ್ದರಲ್ಲಿ ಎಡಗೈಯದ್ದು ಮುಂದಿನದು, ಆ ದೇಶದಲ್ಲಿ ಹಾಗೆಯೇ ರೂಢಿ. ಅಳಿಯ ಹೊರಡುವಾಗಲೇ, “ಮಾಮಾ, ಎಡಗೈ ಬ್ರೇಕ್ ಮುಂದಿಂದೈತಿ, ನೆನಪಿರ್ಲಿ” ಎಂದು ಎರಡು ಸಲ ಹೇಳಿದ್ದ. ತಲೆಗೆ ನೆನಪಿತ್ತು, ಕೈಗಿರಲಿಲ್ಲ. ಹಿಂದಿನ ರಾತ್ರಿಯ ಮಳೆಗೆ ತೋಟದಿಂದ ಕೊಚ್ಚಿಬಂದ ಗರಸು ತಿರುವಿನಲ್ಲಿ ಹರಡಿಕೊಂಡಿತ್ತು. ಅದನ್ನು ಕಂಡು ಹಿಂದಿನ ಬ್ರೇಕೆಂದುಕೊಂಡು ಎಡಗೈಯನ್ನು ಬಿಗಿಹಿಡಿದೆ, ಮುಂದಿನ ಗಾಲಿ ಜಾರಿತು, ಮೊಳಕೈ ತರಚಿಕೊಂಡು ದ್ರಾಕ್ಷಿ ಸಾಲಿನ ಬುಡಕ್ಕೆ ಹೋಗಿ ಬಿದ್ದೆ.

ಬಿದ್ದದ್ದರಿಂದ ಒಂದು ಲಾಭವೂ ಆಯಿತೆನ್ನಬೇಕು, ಆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದೆ. ನಸುಗೆಂಪು ಬಣ್ಣದ, ಸಕ್ಕರೆ ಹರಳಿನಷ್ಟು ದಪ್ಪನೆಯ ಮರಳು, ನಡುವೆ ಮಿನುಗುವ ಕಾಗೆಬಂಗಾರದ ಚೂರುಗಳು. ಸಾಣಾಪುರದ ಕೆರೆಯ ಹಿಂದಿನ ಬಂಡೆಗಳು ಬಿಸಿಲು ಮಳೆಗೆ ಸವೆದು ಉದುರಿಸುವ ಗರಸಿಗೂ ಇದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಬೋಜೊಲೆಯ ಉತ್ತರಾರ್ಧದ ನೆಲ ಬಹುಮಟ್ಟಿಗೆ ಗ್ರಾನೈಟ್, ನಮ್ಮ ಕೊಪ್ಪಳ ಜಿಲ್ಲೆಯ ಗುಡ್ಡಗಳಂತೆಯೇ. ನಮ್ಮಲ್ಲಿ ಬಂಡೆಗಳು ಮೇಲೆದ್ದು ಒಂದರ ಮೇಲೊಂದು ಕುಳಿತಿವೆ. ಅಲ್ಲಿ ಅವು ಮಣ್ಣಾಗಿ ಇಳಿಜಾರಿನ ತುಂಬ ಹರಡಿವೆ. ಗಾಮೆ ಎಂಬ ಕಪ್ಪು ದ್ರಾಕ್ಷಿ ಈ ಬಡ ನೆಲಕ್ಕೇ ಒಗ್ಗಿಕೊಂಡ ತಳಿ. 1395ರಲ್ಲಿ ಬರ್ಗಂಡಿಯ ದೊರೆ ಎರಡನೆಯ ಫಿಲಿಪ್ ಅದನ್ನು ಕೆಟ್ಟ ಗಿಡವೆಂದು ಜರೆದು ತನ್ನ ಸೀಮೆಯಿಂದ ಕೀಳಿಸಲು ಆಜ್ಞೆ ಹೊರಡಿಸಿದ್ದ. ದಕ್ಷಿಣದ ಈ ಗರಸು ನೆಲದಲ್ಲಿ ಅದು ನೆಲೆಯೂರಿ ಉಳಿಯಿತು.

ಶಿರೂಬ್ಲ್ ಹಳ್ಳಿಯಲ್ಲಿ ವಿಕ್ತೋರ್ ಪುಲ್ಯಾ ಎಂಬ ದ್ರಾಕ್ಷಿ ವಿಜ್ಞಾನಿಯ ಪ್ರತಿಮೆಯಿದೆ. ಅದರ ಬುಡದಲ್ಲಿ ಕುಳಿತು ಮೊಳಕೈ ತೊಳೆದುಕೊಂಡೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲೋಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ನೆಲಕಚ್ಚಿಸಿದಾಗ, ಅಮೆರಿಕದ ಬಳ್ಳಿಯ ಬೇರಿಗೇ ಫ್ರಾನ್ಸಿನ ತಳಿಯನ್ನು ಕಸಿ ಕಟ್ಟಬೇಕೆಂದು ರೈತರನ್ನು ಒಪ್ಪಿಸಲು ದುಡಿದವರಲ್ಲಿ ಪುಲ್ಯಾ ಒಬ್ಬರು. ಕುಷ್ಟಗಿಯ ಕಡೆ ದ್ರಾಕ್ಷಿ ಹಾಕಿರುವ ನಮ್ಮ ದೊಡ್ಡಪ್ಪ ಸಸಿ ತರುವಾಗ ‘ಡಾಗ್ರಿಡ್ಜ್ ಬೇರಿಂದು ಐತೇನು’ ಎಂದು ಕೇಳುತ್ತಾರಲ್ಲ, ಆ ಡಾಗ್ರಿಡ್ಜ್ ಕೂಡ ಅಮೆರಿಕ ಮೂಲದ ಬೇರೇ. ನಮ್ಮವರು ಅದನ್ನು ಬಳಸುವುದು ಹೇನಿಗಿಂತ ಹೆಚ್ಚಾಗಿ ಬರ ಮತ್ತು ಸವಳು ನೀರಿನ ಕಾಟಕ್ಕೆ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿಯ ಹಳ್ಳಿಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಅಂಗಡಿಗಳು ಮುಚ್ಚಿರುತ್ತವೆ, ಸೋಮವಾರವಂತೂ ಎಷ್ಟೋ ಬೇಕರಿಗಳು ದಿನವಿಡೀ ಮುಚ್ಚಿರುತ್ತವೆ. ನಾನು ಹೊರಟದ್ದು ಸೋಮವಾರವೇ. ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಉಂಡಿ ಹೊಟ್ಟೆಯ ಸಮಸ್ಯೆಯನ್ನು ಬಗೆಹರಿಸಿತು (ಖಡಕ್ ರೊಟ್ಟಿ ಬೆನ್ನ ಜೇಬಿನಲ್ಲಿ ಮೊದಲ ಏರಿಗೇ ನುಚ್ಚಾಗಿತ್ತು), ಆದರೆ ಎರಡೂ ಬಾಟಲಿಗಳು ಖಾಲಿ. ದಾರಿಯಲ್ಲಿ ಸಿಕ್ಕ ಹಿರಿಯ ಸೈಕಲ್ ಸವಾರರೊಬ್ಬರು ಊರ ಹೊರಗಿನ ಸ್ಮಶಾನದ ಕಡೆ ಕೈ ತೋರಿಸಿ, ಬಾಟಲಿ ತುಂಬಿಸುವ ಸನ್ನೆ ಮಾಡಿದರು. ಗೋರಿಗಳ ಮೇಲಿನ ಹೂಗಿಡಗಳಿಗೆ ನೀರು ಹಾಕಲೆಂದು ಅಲ್ಲಿ ಪ್ರತಿಯೊಂದು ಸ್ಮಶಾನದಲ್ಲೂ ನಲ್ಲಿ ಇರುತ್ತದೆಯಂತೆ. ಕುಡಿಯಲು ಯೋಗ್ಯವಲ್ಲವೆಂಬ ಫಲಕ ಇಲ್ಲದಿದ್ದರೆ ಸವಾರರು ಧಾರಾಳವಾಗಿ ತುಂಬಿಸಿಕೊಳ್ಳುತ್ತಾರಂತೆ. ಸ್ಮಶಾನದಿಂದ ಬಂದರೆ ತಲೆಮೇಲೆ ನೀರು ಹಾಕಿಕೊಂಡೇ ಮನೆಯೊಳಗೆ ಕಾಲಿಡುವ ಮನೆತನದಲ್ಲಿ ಬೆಳೆದ ನನಗೆ, ಅಲ್ಲಿಯದೇ ನೀರನ್ನು ಕುಡಿಯುವುದೆಂದರೆ ಕಬ್ಬಿಣದ ಗೇಟಿನ ಮುಂದೆ ಐದು ನಿಮಿಷ ನಿಲ್ಲುವಂತಾಯಿತು. ಕೊನೆಗೆ ಬಾಯಾರಿಕೆಯೇ ಗೆದ್ದಿತು. ಹಿತ್ತಾಳೆಯ ನಲ್ಲಿ, ಪಕ್ಕದ ಮೊಳೆಗೆ ತೂಗುಹಾಕಿದ ಹಸಿರು ನೀರುಣಿಸುವ ಡಬ್ಬಿಗಳು, ಹಲ್ಲು ಜುಮ್ಮೆನ್ನುವಷ್ಟು ತಣ್ಣನೆಯ ನೀರು. ಆಮೇಲಿನ ದಿನಗಳಲ್ಲಿ ನಕ್ಷೆಯಲ್ಲಿ ಸ್ಮಶಾನಗಳನ್ನೇ ಮೊದಲು ಗುರುತು ಹಾಕಿಕೊಳ್ಳತೊಡಗಿದೆ.

ಬ್ರೂಯಿ ಗುಡ್ಡ ಈ ಸೀಮೆಯ ನಡುವೆ ಒಂಟಿಯಾಗಿ ನಿಂತಿದೆ, ಎತ್ತರ 484 ಮೀಟರ್. 2017ರ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ತುಳಿಯುವ ಹಂತ ಇದರ ನೆತ್ತಿಯಲ್ಲೇ ಮುಗಿದಿತ್ತು, ಗೆದ್ದವರು ಜೂಲಿಯಾನ್ ಅಲಾಫಿಲಿಪ್. ಕೊನೆಯ ಮೂರು ಕಿಲೋಮೀಟರಿನ ಏರಿನಲ್ಲಿ ನಾನು ಎರಡು ಸಲ ಕಾಲೂರಿದೆ. ಮೇಲೆ ‘ದ್ರಾಕ್ಷಿಯ ಮಾತೆ’ಯ ಗುಡಿ ಎನ್ನಬಹುದಾದ ಪ್ರಾರ್ಥನಾ ಮಂದಿರವಿದೆ, 1850ರ ದಶಕದಲ್ಲಿ ತೋಟಗಳಿಗೆ ಬೂದಿರೋಗ ಬಡಿದಾಗ ಬೆಳೆಗಾರರು ಹರಕೆಯಂತೆ ಕಟ್ಟಿಸಿದ್ದು. ಬೂದಿರೋಗಕ್ಕೆ ಗಂಧಕ ಎರಚುವುದನ್ನು ದೊಡ್ಡಪ್ಪನ ತೋಟದಲ್ಲಿ ನೋಡಿದ್ದೇನೆ. ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಬೋರ್ಡೋ ದ್ರಾವಣದ ಹೆಸರೂ ಫ್ರಾನ್ಸಿನ ಇನ್ನೊಂದು ದ್ರಾಕ್ಷಿ ಸೀಮೆಯಿಂದಲೇ ಬಂದದ್ದು.

ಕೊನೆಯ ವಾರಾಂತ್ಯಕ್ಕೆಂದು ಉಳಿಸಿಕೊಂಡಿದ್ದ ಉತ್ತರದ ಸುತ್ತನ್ನು ಒಂದೇ ದಿನದಲ್ಲಿ ಮುಗಿಸಬೇಕಾಯಿತು. ಮಾಕೋನ್ ಪಕ್ಕದ ಸೊಲುತ್ರೆ ಬಂಡೆಯ ಬುಡದಿಂದ ಕ್ಲೂನಿಗೆ ಹೋಗುವ ಈ ದಾರಿಯಲ್ಲಿ ಬುವಾ ಕ್ಲೇರ್ ಎಂಬ ಹಳೆಯ ರೈಲು ಸುರಂಗವಿದೆ, 1.6 ಕಿಲೋಮೀಟರ್ ಉದ್ದ, ಒಳಗೆ ಚಳಿ. ಚಳಿಗಾಲದಲ್ಲಿ ಬಾವಲಿಗಳು ಅಲ್ಲಿ ಮಲಗುವುದರಿಂದ ಆ ತಿಂಗಳುಗಳಲ್ಲಿ ಸುರಂಗಕ್ಕೆ ಬೀಗ. ಸವಾರರು ಗುಡ್ಡ ಹತ್ತಿ ಇಳಿಯಬೇಕು. ಕ್ಲೂನಿಯಿಂದ ಮುಂದೆ ಜಿವ್ರಿಯವರೆಗಿನ 44 ಕಿಲೋಮೀಟರ್ ಹಾದಿ 1997ರಲ್ಲೇ ತೆರೆದದ್ದು, ಆ ದೇಶದಲ್ಲಿ ಇಂಥದ್ದರಲ್ಲಿ ಮೊದಲನೆಯದು. ಚೆನ್ನಾಗಿದೆ, ಆದರೆ ಸಪಾಟು ದಾರಿಯಾದ್ದರಿಂದ ಮಕ್ಕಳು, ನಾಯಿಗಳು, ಮಾತನಾಡುತ್ತ ಸಾಲುಗಟ್ಟಿ ನಡೆಯುವವರು ತುಂಬಿರುತ್ತಾರೆ. ನನಗೆ ಬಾಣದ ಗುರುತಿನ ದಾರಿಗಳೇ ಹಿಡಿಸಿದವು.

ಊರಿಗೆ ಬಂದ ಮೇಲೆ ದೊಡ್ಡಪ್ಪನಿಗೆ ಫೋಟೋ ತೋರಿಸಿದೆ. ಬೋಜೊಲೆಯ ಹಳೆಯ ತೋಟಗಳಲ್ಲಿ ಹಂದರವಿಲ್ಲ. ಮೊಳಕಾಲೆತ್ತರದ ಮೋಟು ಬಳ್ಳಿಗಳನ್ನು ಬಟ್ಟಲಿನಾಕಾರದಲ್ಲಿ ಕತ್ತರಿಸಿ, ಒಂದು ಹೆಕ್ಟೇರಿಗೆ 10,000ದ ಆಸುಪಾಸಿನಲ್ಲಿ ಒತ್ತೊತ್ತಾಗಿ ಬೆಳೆಸುತ್ತಾರೆ. ಗೊಂಚಲನ್ನು ಇಡಿಯಾಗಿಯೇ ಹುದುಗಿಸುವ ಪದ್ಧತಿಯಿರುವುದರಿಂದ ಕೊಯ್ಲು ಬಹುಪಾಲು ಕೈಯಿಂದಲೇ ನಡೆಯುತ್ತದೆ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, “ಹಂದರ ಇಲ್ದ ಬಳ್ಳಿ ಹೆಂಗ್ ನಿಂತೈತೋ ತಮ್ಮಾ? ಚಾಟ್ನಿ ವರ್ಷಕ್ಕ ಎಷ್ಟ್ ಸಲ ಮಾಡ್ತಾರ?” ಎಂದು ಕೇಳಿದರು. ಚಾಟ್ನಿಯೆಂದರೆ ಬಳ್ಳಿ ಸವರುವುದು. ಚಳಿಗೆ ಬಳ್ಳಿಯೇ ಮಲಗಿಬಿಡುವುದರಿಂದ ಒಂದೇ ಸಲ ಎಂದೆ. ಏಪ್ರಿಲ್ ಮತ್ತು ಅಕ್ಟೋಬರ್ ಎರಡೂ ಚಾಟ್ನಿಗಳಿಗೆ ಆಳು ಹುಡುಕಿ ಸಾಕಾಗಿರುವ ಅವರು ಫೋನನ್ನು ಹಿಂದಿರುಗಿಸಿ, “ಅರಾಮದಾರ ಬಿಡು” ಎಂದರು. ಕೊಯ್ಲಿನವರು ನನಗೆ ಕೊಟ್ಟ ಗಾಮೆ ಗೊಂಚಲಿನ ರುಚಿಯನ್ನೂ ಕೇಳಿದರು. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಬೀಜ ಉಂಟು, ಆದರೆ ಸಿಹಿ ನಮ್ಮ ಬೀಜವಿಲ್ಲದ ದ್ರಾಕ್ಷಿ ಥಾಮ್ಸನ್‌ಗಿಂತ ಹೆಚ್ಚು ಎಂದದ್ದು ಅವರಿಗೆ ಅಷ್ಟಾಗಿ ರುಚಿಸಲಿಲ್ಲ.

ಈಗ ನಾವು ನಾಲ್ಕು ಜನ ಸೇರಿ ಗಂಗಾವತಿ ತಾಲ್ಲೂಕಿನ ನಕ್ಷೆಯೊಂದನ್ನು ದೊಡ್ಡದಾಗಿ ಮುದ್ರಿಸಿಕೊಂಡು, ಕೆಂಪು, ಹಳದಿ, ಬಿಳಿ ಎಂದು ಗೆರೆ ಎಳೆಯುತ್ತಿದ್ದೇವೆ. ಯಾವ ದೊಡ್ಡ ಊರಿಗೂ, ಯಾವ ದೊಡ್ಡ ದೇವಸ್ಥಾನಕ್ಕೂ ಹತ್ತಿರವಾಗದ ದಾರಿಗಳಿಗೆ ಮಾತ್ರ ಬಿಳಿ ಬಣ್ಣ. ನಮ್ಮ ಬಿಳಿ ದಾರಿಗಳಿಗೆ ಬೋಜೊಲೆಗಿಲ್ಲದ ತೊಡಕೊಂದಿದೆ: ಸುಗ್ಗಿಯಲ್ಲಿ ಅವುಗಳ ಅರ್ಧ ಅಗಲದ ಮೇಲೆ ಭತ್ತ ಒಣಹಾಕಿರುತ್ತಾರೆ, ಉಳಿದರ್ಧದಲ್ಲಿ ನಾಯಿ ಮಲಗಿರುತ್ತದೆ. ಆದರೂ ಹಿರೇಬೆಣಕಲ್ಲಿನ ಕಡೆಗೆ ಗದ್ದೆಗಳ ನಡುವೆ ಹೋಗಿ, ಶಿಲಾಸಮಾಧಿಗಳಿರುವ ಗುಡ್ಡದ ಬುಡವನ್ನು ಮುಟ್ಟುವ ದಾರಿಯನ್ನು ಕಳೆದ ತಿಂಗಳು ಬೆಳಿಗ್ಗೆ ಒಂಬತ್ತು ಗಂಟೆಗೆ ಪರೀಕ್ಷಿಸಿದೆವು. ಕೊನೆಯ ಆರು ಕಿಲೋಮೀಟರಿನಲ್ಲಿ ಎದುರಾದದ್ದು ಎರಡು ಬೈಕು, ಒಂದು ಟಂಟಂ. ಬರುವ ಭಾನುವಾರ ಮತ್ತೆ ಅದೇ ದಾರಿಗೆ ಹೊರಡುತ್ತಿದ್ದೇವೆ. ಜೊತೆಗೆ ಬರುವವರು ನೀರಿನ ಬಾಟಲಿ ಮೂರಾದರೂ ತರಬೇಕು, ಅಲ್ಲಿರುವ ಸಮಾಧಿಗಳ ಬಳಿ ನಲ್ಲಿಯಿಲ್ಲ.