ಕಥೆಯಿಂದ ಹುಲಿಯನ್ನು ತೆಗೆದುಬಿಡಲೇ?

ಕಥೆ ಹೇಳುವವರನ್ನು ಅಪ್ಪ-ಅಮ್ಮಂದಿರು ಮತ್ತೆ ಮತ್ತೆ ಕೇಳುವುದು ಇದನ್ನೇ: "ನಮ್ಮ ಮಗು ಮೊದಲೇ ಪುಕ್ಕಲು. ಹುಲಿ, ರಾಕ್ಷಸರನ್ನು ಕಥೆಯಿಂದ ತೆಗೆದುಬಿಡಲೇ?"

ಬೇಡ. ತೆಗೆಯಬೇಕಾದ್ದು ಗುಮ್ಮನನ್ನು. "ಊಟ ಮಾಡದಿದ್ರೆ ಗುಮ್ಮ ಬರ್ತಾನೆ" ಎಂದರೆ ಕೆಲಸವೇನೋ ಆಗುತ್ತದೆ. ಪುರಂದರದಾಸರ ಪದದಲ್ಲಿ ಬಾಲಕೃಷ್ಣನೂ ಗುಮ್ಮನಿಗೆ ಹೆದರಿ ಅಳುವುದಿಲ್ಲವೆಂದು ಅಮ್ಮನಿಗೆ ಮಾತು ಕೊಡುತ್ತಾನೆ. ಆದರೆ ಗುಮ್ಮನಿಗೆ ಮುಖವಿಲ್ಲ, ಸೋಲಿಲ್ಲ. ದೀಪ ಆರಿಸಿದ ಮೇಲೂ ಮಂಚದ ಕೆಳಗೆ ಉಳಿದುಕೊಳ್ಳುತ್ತಾನೆ. ಕಥೆಯ ಹುಲಿಗೆ ಹಸಿವಿದೆ, ಅದನ್ನು ಏಮಾರಿಸಬಹುದು, ಕಥೆ ಮುಗಿದರೆ ಅದರ ಕಾಟವೂ ಮುಗಿಯಿತು.

ಕುಂಬಳಕಾಯಿ ಅಜ್ಜಿಯ ಕಥೆಯನ್ನೇ ನೋಡಿ. ಮರಾಠಿ, ಬಂಗಾಳಿ ಮಕ್ಕಳಿಗೂ ಇದು ಗೊತ್ತು. ಮಗಳ ಮನೆಗೆ ಹೊರಟ ಬಡಕಲು ಅಜ್ಜಿಗೆ ನರಿ, ಕರಡಿ, ಹುಲಿ ಒಂದೊಂದಾಗಿ ಅಡ್ಡ ಬರುತ್ತವೆ. "ಈಗ ಬರೀ ಮೂಳೆ ಕಣಪ್ಪಾ, ಮಗಳ ಮನೇಲಿ ತುಪ್ಪ ಉಂಡು ದಪ್ಪಗಾಗಿ ಬರ್ತೀನಿ, ಆಗ ತಿನ್ನು" ಅನ್ನುತ್ತಾಳೆ. ವಾಪಸು ಬರುವಾಗ ಟೊಳ್ಳು ಕುಂಬಳಕಾಯಿಯೊಳಗೆ ಕೂತು ಉರುಳಿಕೊಂಡು ಬರುತ್ತಾಳೆ. ಮೊದಲ ಸಲ ಮಗು ಮುದುಡಿಕೊಳ್ಳುತ್ತದೆ. ಮೂರನೆಯ ಸಲ ಅಜ್ಜಿಯ ಮಾತನ್ನು ನಿಮಗಿಂತ ಮುಂಚೆ ತಾನೇ ಹೇಳುತ್ತದೆ. ಹೆದರಿಕೆ ಸಡಿಲವಾಗುವುದು ಅಲ್ಲೇ. ಹೊತ್ತಾಯಿತೆಂದು ಮೂರು ಪ್ರಾಣಿಗಳನ್ನು ಒಂದಕ್ಕೆ ಇಳಿಸಿದಿರೋ, ಹೆದರಿಕೆ ಉಳಿಯುತ್ತದೆ, ಅಭ್ಯಾಸ ತಪ್ಪುತ್ತದೆ.

ಮೂರು-ನಾಲ್ಕು ವರ್ಷದವರಿಗೆ ಐದಾರು ನಿಮಿಷ ಸಾಕು. ಹುಲಿ ಬಂದಾಗ ದನಿ ಏರಿಸಬೇಡಿ, ಇಳಿಸಿ. ಕಿವಿಯ ಹತ್ತಿರ ಗರ್ಜಿಸಿದರೆ ಮಗು ಹೆದರುವುದು ಹುಲಿಗಲ್ಲ, ನಿಮಗೆ. ಉಪಾಯಕ್ಕೆ ಮುಂಚೆ ನಿಲ್ಲಿಸಿ, "ಅಜ್ಜಿ ಈಗ ಏನ್ ಮಾಡ್ಬೇಕು?" ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ಬರದಿದ್ದರೂ ಪರವಾಗಿಲ್ಲ. ಮಗು ಕಿವಿ ಮುಚ್ಚಿಕೊಂಡರೆ ಕಥೆಯನ್ನು ಅರ್ಧಕ್ಕೆ ಬಿಡಬೇಡಿ, ಬಹಳ ಜನ ತಪ್ಪುವುದು ಇಲ್ಲೇ. ಹುಲಿಯ ಬಾಯಿ ತೆರೆದೇ ಉಳಿಯುತ್ತದಲ್ಲ! ಬೇಗ ಬೇಗ ಅಜ್ಜಿಯನ್ನು ಮನೆಗೆ ಮುಟ್ಟಿಸಿ, ಬಾಗಿಲಿಗೆ ಅಗುಳಿ ಹಾಕಿಸಿ, ಆಮೇಲೆ ನಿಲ್ಲಿಸಿ. ಮಗುವಿಗೆ ಈಚೆಗೆ ನಾಯಿ ಕಚ್ಚಿದ್ದರೆ ಸದ್ಯಕ್ಕೆ ನಾಯಿಯ ಕಥೆ ಬೇಡ, ಹುಲಿಯೇ ವಾಸಿ.

ಕೆಂಪು ಟೋಪಿ ಹುಡುಗಿಯ ಕಥೆ 1697ರಲ್ಲಿ ಫ್ರಾನ್ಸಿನ ಲೇಖಕ ಪೆರೋ ಅವರ ಪುಸ್ತಕದಲ್ಲಿ ಬಂದಾಗ ತೋಳ ಅವಳನ್ನು ತಿಂದಲ್ಲಿಗೆ ಮುಗಿಯುತ್ತಿತ್ತು. 1812ರಲ್ಲಿ ಗ್ರಿಮ್ ಸಹೋದರರು ಅಚ್ಚು ಹಾಕಿಸಿದ್ದರಲ್ಲಿ ಬೇಟೆಗಾರ ತೋಳದ ಹೊಟ್ಟೆ ಸೀಳಿ ಅಜ್ಜಿ, ಮೊಮ್ಮಗಳು ಇಬ್ಬರನ್ನೂ ಹೊರತೆಗೆಯುತ್ತಾನೆ. ಪುಟ್ಟ ಮಕ್ಕಳಿಗೆ ಎರಡನೆಯದನ್ನೇ ಹೇಳಿ. ಹೊಟ್ಟೆ ಸೀಳುವ ಮಾತಿಗೆ ಇರಿಸುಮುರಿಸಾಗುವುದು ಹೆಚ್ಚಾಗಿ ದೊಡ್ಡವರಿಗೆ.

ಇನ್ನು ನೀತಿ. ಪುಣ್ಯಕೋಟಿಯ ಕಥೆಯಲ್ಲಿ ಕೊನೆಗೆ ಸಾಯುವುದು ಹುಲಿ. ಅಷ್ಟು ಹೊತ್ತು ಹಸುವಿಗಾಗಿ ಹೆದರಿದ ಮಗು ಈಗ ಹುಲಿಗಾಗಿ ಅಳುತ್ತದೆ. ಅಳಲಿ ಬಿಡಿ. ಆ ಗಳಿಗೆಯಲ್ಲಿ "ಅದಕ್ಕೇ ಪುಟ್ಟಾ, ನಿಜ ಹೇಳ್ಬೇಕು" ಎಂದು ಬಾಯಿ ಹಾಕಿದರೆ ಕಥೆ ಪಾಠವಾಯಿತು, ಮಗು ಎದ್ದು ಹೋಯಿತು.

ಅದೇ ಕಥೆಯನ್ನು ಹತ್ತು ದಿನ ಕೇಳಿದರೆ ಹತ್ತು ದಿನವೂ ಅವೇ ಮಾತುಗಳಲ್ಲಿ ಹೇಳಿ. ನಡುವೆ ಒಂದು ಹಗಲು ಬಿದಿರಿನ ಬುಟ್ಟಿ ಬೋರಲು ಹಾಕಿ ಕುಂಬಳಕಾಯಿ ಆಟ ಆಡಿ. ಪುಕ್ಕಲು ಮಗು ಮೊದಲು ಹುಲಿಯಾಗಲಿ, ಬುಟ್ಟಿಯ ಕೆಳಗೆ ನೀವು ಕೂರಿ.