‘ಸ್ಕೌಟ್ ಗುಂಡಿ’ ಎಂದು ಬರೆಯುವ ಮುನ್ನ ಅದರ ಬೆನ್ನು ನೋಡಿ

ಸಂಗ್ರಹಾಲಯದ ದಾಖಲಾತಿ ಮೇಜಿಗೆ ಬರುವ ಬಿಡಿ ಗುಂಡಿಗಳ ಪೊಟ್ಟಣದ ಮೇಲೆ ‘ಸ್ಕೌಟ್’ ಎಂಬ ಒಂದೇ ಪದ ಬರೆದಿರುವುದು ಮಾಮೂಲು. ಮುಖದ ಮೇಲೆ ಲಿಲ್ಲಿ ಹೂವಿನಂಥ ಆಕಾರ ಕಂಡಿದ್ದಷ್ಟೇ ಅದಕ್ಕೆ ಆಧಾರ. ಮುಖದಿಂದ ಸಂಸ್ಥೆ ಯಾವುದೆಂದು ತಿಳಿಯಬಹುದು. ಕಾಲ ತಿಳಿಯಲು ಹೆಚ್ಚಿನ ಸಲ ಬೆನ್ನನ್ನೇ ಓದಬೇಕು. ಹಾಗಾಗಿ ಗುಂಡಿ ಕೈಗೆ ಬಂದ ತಕ್ಷಣ ಮಗುಚಿ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಅದಕ್ಕೂ ಮೊದಲು, ಪಾಲಿಶ್ ಡಬ್ಬಿಯನ್ನು ಮೇಜಿನಿಂದ ದೂರ ಇಡಿ. ಹಿತ್ತಾಳೆಯ ಮೇಲಿನ ಚಿನ್ನದ ಮುಲಾಮು ಬಹಳ ತೆಳುವಾದ ಪದರ. ಪಾಲಿಶ್ ಹಾಕಿ ಎರಡು ಸಲ ಉಜ್ಜಿದರೆ ಹೋಯಿತು, ಮತ್ತೆ ಬರುವುದಿಲ್ಲ. ನೀರಿನಲ್ಲಿ ನೆನೆಸುವುದೂ ತಪ್ಪು. ಹೆಚ್ಚಿನ ಯೂನಿಫಾರ್ಮ್ ಗುಂಡಿಗಳು ಎರಡು ತುಂಡಿನವು: ಮುಂದಿನ ತಗಡಿನ ಅಂಚನ್ನು ಹಿಂದಿನ ತಟ್ಟೆಯ ಮೇಲೆ ಮಡಚಿ ಕೂರಿಸಿರುತ್ತಾರೆ, ಒಳಗೆ ಟೊಳ್ಳು. ಒಳಗೆ ಸೇರಿದ ನೀರು ಅಲ್ಲೇ ನಿಂತು ತುಕ್ಕು, ಕಿಲುಬು ಹಿಡಿಸುತ್ತದೆ. ಒಣಗಿದ ಮೃದು ಬ್ರಷ್ ಸಾಕು. ಅಕ್ಷರಗಳ ಸಂದಿಯಲ್ಲಿ ಮಣ್ಣು ಕೂತಿದ್ದರೆ ಬಿದಿರಿನ ಕಡ್ಡಿಯ ತುದಿ ಬಳಸಿ, ಸೂಜಿ ಬೇಡ.

ಅಳತೆಗೆ ವರ್ನಿಯರ್ ಕ್ಯಾಲಿಪರ್ ಬೇಕು. ಗುಂಡಿ ವ್ಯಾಪಾರದ ಅಳತೆಯ ಹೆಸರು ಲೈನ್. 40 ಲೈನ್‌ಗೆ ಒಂದು ಇಂಚು, ಅಂದರೆ ಒಂದು ಲೈನ್ 0.635 ಮಿಮೀ. 24 ಲೈನ್ ಸುಮಾರು 15 ಮಿಮೀ, 30 ಲೈನ್ 19 ಮಿಮೀ, 36 ಲೈನ್ ಹತ್ತಿರಹತ್ತಿರ 23 ಮಿಮೀ. ಸಾಮಾನ್ಯವಾಗಿ ಕೋಟಿನ ಎದೆಗೆ ದೊಡ್ಡವು, ಜೇಬು, ಭುಜಪಟ್ಟಿ, ತೋಳಿನ ತುದಿಗೆ ಚಿಕ್ಕವು ಇರುತ್ತವೆ. ಚಿಕ್ಕ ಗುಂಡಿ ಕಂಡ ಕೂಡಲೇ ‘ಚಿಕ್ಕ ಮಕ್ಕಳ ಯೂನಿಫಾರ್ಮಿನದು’ ಎಂದು ಬರೆಯುವ ತಪ್ಪು ಇಲ್ಲೇ ಹುಟ್ಟುತ್ತದೆ.

ಈಗ ಬೆನ್ನು. ಮೊದಲು ಕೊಂಡಿ ನೋಡಿ. ಹೊಲಿಯಲು ತಂತಿಯ ಕೊಂಡಿ ಇದ್ದರೆ ಅದು ಗುಂಡಿ. ಕೊಂಡಿಯ ಜಾಗದಲ್ಲಿ ಎರಡು ಉದ್ದ ಕಾಲುಗಳಿದ್ದು ಅವು ಅಗಲಕ್ಕೆ ಮಡಚುವಂತಿದ್ದರೆ, ಟೋಪಿಯ ಗಲ್ಲಪಟ್ಟಿ ಹಿಡಿಯುವ ಗುಂಡಿ ಇರಬಹುದು. ಕುದುರೆಲಾಳದ ಆಕಾರದ ತಟ್ಟೆ ಅಥವಾ ಸ್ಟಡ್ ಇದ್ದರೆ ಅದು ಗುಂಡಿಯೇ ಅಲ್ಲ, ಕೋಟಿನ ಕಾಲರಿನ ಕಾಜಾಕ್ಕೆ ಸಿಕ್ಕಿಸುವ ಬ್ಯಾಡ್ಜ್. ಹಳೆಯ ಪಟ್ಟಿಗಳಲ್ಲಿ ಗುಂಡಿಗೂ ಬ್ಯಾಡ್ಜಿಗೂ ‘ಬಟನ್’ ಎಂಬ ಒಂದೇ ಪದ ಬಳಸಿರುವುದರಿಂದ, ಹೆಸರು ನಂಬದೆ ಕೊಂಡಿ ನೋಡುವುದು ಲೇಸು.

ನಂತರ ಬೆನ್ನಿನ ಬರಹ. ಹತ್ತು ಪಟ್ಟು ಭೂತಗನ್ನಡಿ ಹಿಡಿದು, ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಓರೆಯಾಗಿ ಬೆಳಕು ಬೀಳಿಸಿ, ಗುಂಡಿಯನ್ನು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಿ. ಸವೆದ ಅಕ್ಷರ ಒಂದು ಕೋನದಲ್ಲಿ ಮಾತ್ರ ಎದ್ದು ಬರುತ್ತದೆ. ‘ಟ್ರೆಬಲ್ ಗಿಲ್ಟ್’, ‘ಎಕ್ಸ್‌ಟ್ರಾ ಕ್ವಾಲಿಟಿ’ ಎಂದು ಕಂಡರೆ ಕಂಪನಿಯ ಹೆಸರು ಸಿಕ್ಕಿತೆಂದು ಹಿಗ್ಗಬೇಡಿ. ಅದು ಗುಣಮಟ್ಟ ಹೊಗಳುವ ಮಾತು. ಲಂಡನ್ನಿನ ಫರ್ಮಿನ್, ಬರ್ಮಿಂಗ್‌ಹ್ಯಾಮಿನ ಗಾಂಟ್, ಅಮೆರಿಕದ ಕನೆಕ್ಟಿಕಟ್‌ನ ಸ್ಕೊವಿಲ್ ಮತ್ತು ವಾಟರ್‌ಬರಿ: ಇವು ತಯಾರಕರು. ಹೆಸರಿನ ರೂಪವೂ ಕಾಲ ತಿಳಿಸುತ್ತದೆ. ‘ವಾಟರ್‌ಬರಿ ಬಟನ್ ಕಂಪನಿ’ 1944ರಲ್ಲಿ ‘ವಾಟರ್‌ಬರಿ ಕಂಪನೀಸ್’ ಆಯಿತು. ಎರಡನೆಯ ಹೆಸರಿದ್ದರೆ ಗುಂಡಿ ಅದಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ. ಆದರೆ ಈ ಕಾರ್ಖಾನೆಗಳು ಸೈನ್ಯ, ರೈಲ್ವೆ, ಪೊಲೀಸ್ ಎಲ್ಲಕ್ಕೂ ಗುಂಡಿ ಮಾಡಿಕೊಟ್ಟವು. ತಯಾರಕನ ಹೆಸರು ಹಿಡಿದು ಸಂಸ್ಥೆಯನ್ನು ಊಹಿಸಲು ಹೋಗಬೇಡಿ.

ಲೋಹದ ಪರೀಕ್ಷೆಗೆ ಅಯಸ್ಕಾಂತ ಒಳ್ಳೆಯದೇ, ಆದರೆ ಮುಂದೆ ಒಂದು ಸಲ, ಹಿಂದೆ ಒಂದು ಸಲ ಹಿಡಿಯಿರಿ. ಮುಖ ಹಿತ್ತಾಳೆ, ಹಿಂದಿನ ತಟ್ಟೆ ಕಬ್ಬಿಣ ಇರುವ ಗುಂಡಿಗಳು ಬೇಕಾದಷ್ಟಿವೆ. ಒಂದೇ ಕಡೆ ನೋಡಿದವರು ‘ಕಬ್ಬಿಣದ್ದು’ ಎಂದು ಬರೆದುಬಿಡುತ್ತಾರೆ. ಕೈಗೆ ಹಗುರ, ಕಿಲುಬೇ ಹಿಡಿಯದ ಚಿನ್ನದ ಬಣ್ಣ ಕಂಡರೆ ಆನೊಡೈಸ್ ಮಾಡಿದ (ವಿದ್ಯುತ್ ಹಾಯಿಸಿ ಮೇಲ್ಪದರ ಗಟ್ಟಿ ಮಾಡಿದ) ಅಲ್ಯೂಮಿನಿಯಂ ಎಂದು ಅನುಮಾನಿಸಿ. ಬ್ರಿಟಿಷ್ ಯೂನಿಫಾರ್ಮಿನಲ್ಲಿ ಅದು 1950ರ ದಶಕದಿಂದ ಈಚಿನ ವಸ್ತು.

ಇಷ್ಟಾದ ಮೇಲೆ ಮುಖ. ಇಲ್ಲಿ ಧ್ಯೇಯವಾಕ್ಯವನ್ನು ನೆಚ್ಚಿದವರೇ ಹೆಚ್ಚು ಎಡವುವುದು. ‘ಬಿ ಪ್ರಿಪೇರ್ಡ್’ ಸ್ಕೌಟುಗಳಿಗೂ ಗೈಡುಗಳಿಗೂ ಒಂದೇ. ಬೇರೆ ಮಾಡುವುದು ಚಿಹ್ನೆ: ಸ್ಕೌಟುಗಳದು ಲಿಲ್ಲಿ, ಗೈಡುಗಳದು ಮೂರೆಲೆ. ಲಿಲ್ಲಿಯ ಮೇಲೆ ಹದ್ದು ಮತ್ತು ಗುರಾಣಿ ಕೂತಿದ್ದರೆ 1910ರಲ್ಲಿ ಆರಂಭವಾದ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ. ಮೂರೆಲೆಯ ಮೇಲೆ ‘ಜಿ’, ‘ಎಸ್’ ಅಕ್ಷರಗಳಿದ್ದರೆ ಅಮೆರಿಕದ ಗರ್ಲ್ ಸ್ಕೌಟ್ಸ್. ಆ ಸಂಸ್ಥೆ 1912ರಲ್ಲಿ ಗೈಡ್ಸ್ ಹೆಸರಿನಲ್ಲೇ ಶುರುವಾಗಿ 1913ರಲ್ಲಿ ಹೆಸರು ಬದಲಿಸಿತು. ಬರಿಯ ಲಿಲ್ಲಿ, ಬೇರೇನೂ ಇಲ್ಲ ಎಂದಾದರೆ ಅವಸರ ಬೇಡ. ಮ್ಯಾಂಚೆಸ್ಟರ್ ರೆಜಿಮೆಂಟಿನ ಸೈನಿಕರ ಟೋಪಿಯ ಮೇಲೂ ಲಿಲ್ಲಿ ಇತ್ತು.

ಲಂಗರಿನ ಗುಂಡಿಯಂತೂ ಇನ್ನೂ ತೊಡಕು. ಲಂಗರಿಗೆ ಹಗ್ಗ ಸುತ್ತಿಕೊಂಡು ಮೇಲೆ ಕಿರೀಟವಿದ್ದರೆ ಬ್ರಿಟಿಷ್ ನೌಕಾಪಡೆಯ ದಿಕ್ಕಿಗೆ ಹುಡುಕಿ. ‘ಶೂರ್ ಅಂಡ್ ಸ್ಟೆಡ್‌ಫಾಸ್ಟ್’ ಎಂಬ ಪಟ್ಟಿಯಿದ್ದರೆ 1883ರಲ್ಲಿ ಗ್ಲಾಸ್ಗೊದಲ್ಲಿ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಸ್ಥಾಪಿಸಿದ, ಹುಡುಗರ ಕ್ರೈಸ್ತ ಸಂಸ್ಥೆಯಾದ ಬಾಯ್ಸ್ ಬ್ರಿಗೇಡ್. ‘ಸ್ಟೆಡ್’ ಭಾಗದಲ್ಲಿ ‘ಇ’ ಆದಮೇಲೆ ‘ಎ’ ಇರುವುದಿಲ್ಲ. ಅದು ಕಾಗುಣಿತದ ತಪ್ಪಲ್ಲ, ಹಳೆಯ ಇಂಗ್ಲಿಷ್ ಬೈಬಲಿನ ಬರಹರೂಪ. ದಾಖಲೆಯಲ್ಲಿ ಅದನ್ನು ತಿದ್ದಿ ಬರೆದರೆ ಮುಂದೆ ಹುಡುಕುವವರಿಗೆ ಸಿಗದೇ ಹೋಗುತ್ತದೆ. ಲಂಗರಿನ ಹಿಂದೆ ಶಿಲುಬೆ ಇದೆಯೇ ಎಂಬುದು ಮುಖ್ಯ ಪ್ರಶ್ನೆ: 1926ರಲ್ಲಿ ಬಾಯ್ಸ್ ಲೈಫ್ ಬ್ರಿಗೇಡ್ ಇದರೊಳಗೆ ಸೇರಿದಾಗ ಬಂದದ್ದು ಆ ಶಿಲುಬೆ.

ಬ್ರಿಟಿಷ್ ಕೆಡೆಟ್ ಗುಂಡಿಗಳಲ್ಲಿ ಕಿರೀಟದ ಕಮಾನೇ ದಿಕ್ಸೂಚಿ. ಕಮಾನು ಮೇಲಕ್ಕೆ ಉಬ್ಬಿ ದುಂಡಗಿದ್ದರೆ ರಾಜನ ಕಿರೀಟ, 1901ರಿಂದ 1952ರ ಕಾಲದ್ದು. ನಡುವೆ ತಗ್ಗಿ ಎರಡು ಭುಜ ಎದ್ದಂತಿದ್ದರೆ ರಾಣಿಯ ಕಿರೀಟ, 1953ರಿಂದ ಈಚಿನದು. ವಾಯುಪಡೆಯ ಕೆಡೆಟ್ ಸಂಸ್ಥೆಯಾದ ಏರ್ ಟ್ರೈನಿಂಗ್ ಕೋರ್ ಹುಟ್ಟಿದ್ದು 1941ರ ಫೆಬ್ರುವರಿಯಲ್ಲಿ. ಆದ್ದರಿಂದ ಅದರ ರಾಜಕಿರೀಟದ ಗುಂಡಿಗೆ ಸಿಗುವ ಅವಧಿ ಹನ್ನೆರಡು ವರ್ಷದ ಆಸುಪಾಸು ಮಾತ್ರ. ಇಷ್ಟು ಬಿಗಿಯಾದ ಕಾಲನಿರ್ಣಯ ಈ ಕೆಲಸದಲ್ಲಿ ಅಪರೂಪ. ಆದರೂ 2022ರ ನಂತರ ಚಾರ್ಲ್ಸ್ ದೊರೆಯ ಕಾಲಕ್ಕೆ ದುಂಡು ಕಮಾನು ಮತ್ತೆ ಬಂದಿದೆ. ಹೊಸ ಮೆರುಗಿನ ಗುಂಡಿಯನ್ನು ಹಳೆಯದೆಂದು ನಮೂದಿಸುವ ಅಪಾಯ ಇದೆ.

ಶಿಲುಬೆಯಿರುವ ಬಾಯ್ಸ್ ಬ್ರಿಗೇಡ್ ಗುಂಡಿ ಸಿಕ್ಕರೆ ದಾಖಲಾತಿ ಕಾರ್ಡಿನಲ್ಲಿ ‘1926’ ಎಂದು ಬರೆಯಬೇಡಿ, ‘1926 ಅಥವಾ ಈಚೆಗೆ’ ಎಂದು ಬರೆಯಿರಿ. ಚಿಹ್ನೆ ಬದಲಾದದ್ದು ಕೆಳಗಿನ ಗಡಿ ಹಾಕುತ್ತದೆಯೇ ಹೊರತು ಮೇಲಿನದನ್ನಲ್ಲ. ಹಳೆಯ ಚಿಹ್ನೆಯ ಗುಂಡಿ ದಾಸ್ತಾನು ಮುಗಿಯುವವರೆಗೂ ಬಳಕೆಯಲ್ಲಿ ಉಳಿಯಬಹುದು, ಅಣ್ಣನ ಕೋಟನ್ನು ತಮ್ಮ ತೊಡಬಹುದು.

ಗುಂಡಿ ಬಟ್ಟೆಯ ಮೇಲೇ ಇದ್ದರೆ ಎಲ್ಲ ಗುಂಡಿಗಳ ಬೆನ್ನನ್ನೂ ಓದಿ. ಐದರಲ್ಲಿ ನಾಲ್ಕು ಒಂದೇ ತಯಾರಕನವು, ಒಂದು ಬೇರೆ ಎಂದಾದರೆ ಆ ಒಂದು ಆಮೇಲೆ ಹೊಲಿದದ್ದಿರಬಹುದು. ಸುತ್ತಲಿನ ಬಟ್ಟೆಯಲ್ಲಿ ಹಳೆಯ ಸೂಜಿತೂತು ಹುಡುಕಿ. ಬಿಡಿ ಗುಂಡಿಯ ಕೊಂಡಿಯಲ್ಲಿ ದಾರದ ಚೂರು ಸಿಕ್ಕಿಕೊಂಡಿದ್ದರೆ ಕತ್ತರಿಸಿ ಎಸೆಯಬೇಡಿ. ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದಾಗ ಬಿಳಿ ದಾರ ನೀಲಿಯಾಗಿ ಹೊಳೆದರೆ ಅದರಲ್ಲಿ ಬಟ್ಟೆ ಹೆಚ್ಚು ಬೆಳ್ಳಗೆ ಕಾಣಲೆಂದು ಸೇರಿಸುವ ಹೊಳಪುಕಾರಕ ರಾಸಾಯನಿಕವಿದೆ. ದಾರವೇ ಈಚಿನದಿರಬಹುದು, ಇಲ್ಲವೇ ಬಟ್ಟೆಯನ್ನು ಈಚಿನ ಸೋಪಿನ ಪುಡಿಯಲ್ಲಿ ಒಗೆದಿರಬಹುದು. ಎರಡೂ ಸಾಧ್ಯತೆಗಳನ್ನು ಕಾರ್ಡಿನಲ್ಲಿ ಬರೆದು, ದಾರವನ್ನು ಕೊಂಡಿಯಲ್ಲೇ ಬಿಡಿ.