ಬಾಯಾರು, ಶೇಣಿ, ಪಡ್ರೆ: ದುಡಿಮೆಯ ದಾಖಲೆಗೆ ಹೊರಡುವವರಿಗೆ

ಕಾಸರಗೋಡಿನ ಹಳ್ಳಿಗಳ ಕೆಲಸ-ಬದುಕನ್ನು ಕ್ಯಾಮೆರಾದಲ್ಲೋ ಧ್ವನಿಮುದ್ರಣದಲ್ಲೋ ಹಿಡಿಯಹೊರಟವರು ಇಡೀ ಜಿಲ್ಲೆ ಸುತ್ತುವ ಆಸೆ ಬಿಡುವುದು ಒಳ್ಳೆಯದು. ಪೈವಳಿಕೆ ಪಂಚಾಯತಿನ ಬಾಯಾರು, ಎಣ್ಮಕಜೆಯ ಶೇಣಿ, ಪಡ್ರೆ, ಪೆರ್ಲ ಇಷ್ಟೇ ಸಾಕು. ಮಂಗಳೂರಿನಿಂದ ರೈಲಿನಲ್ಲಿ ಬರುವುದಾದರೆ ಉಪ್ಪಳದಲ್ಲಿ ಇಳಿದು ಬಾಯಾರಿನ ಬಸ್ಸು ಹಿಡಿಯಬೇಕು. ಉಪ್ಪಳದಲ್ಲಿ ಎಲ್ಲ ಗಾಡಿ ನಿಲ್ಲುವುದಿಲ್ಲ, ಪ್ಯಾಸೆಂಜರ್ ನೋಡಿಕೊಳ್ಳಿ. ಪುತ್ತೂರು, ವಿಟ್ಲದ ಕಡೆಯಿಂದ ಬರುವವರಿಗೆ ಅಡ್ಕಸ್ಥಳ ದಾಟಿದರೆ ಪೆರ್ಲ. ಬಸ್ಸಿನ ಬೋರ್ಡು ಬಹುಪಾಲು ಮಲೆಯಾಳದಲ್ಲಿರುತ್ತದೆ, ಕಂಡಕ್ಟರನ್ನು ಕೇಳಿಯೇ ಹತ್ತಿ. ಮನೆಗಳಲ್ಲಿ ಕನ್ನಡ ನಡೆಯುತ್ತದೆ. ಆದರೆ ಕೆಲಸದ ಮಾತು ತುಳುವಿನಲ್ಲೋ ಹವ್ಯಕದಲ್ಲೋ ಮಲೆಯಾಳದಲ್ಲೋ ಸಾಗುವುದರಿಂದ ತುಳು ಬಲ್ಲ ಒಬ್ಬರು ಜೊತೆಗಿರಲಿ.

ಹೋಗುವ ಕಾಲ ಜನವರಿಯಿಂದ ಏಪ್ರಿಲ್. ಸುರಂಗ ಕೊರೆಯುವುದು ಬೇಸಿಗೆಯಲ್ಲಿ, ಅಡಿಕೆ ಅಂಗಳದಲ್ಲಿರುವುದೂ ಆಗಲೇ. ಮಳೆಗಾಲದಲ್ಲಿ ಬಂದರೆ ಹಸಿರು ಸಿಗುತ್ತದೆ, ಕೆಲಸ ಸಿಗುವುದಿಲ್ಲ.

ಮೊದಲು ಸುರಂಗ. ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದ ನೀರಿನ ದಾರಿ ಇದು. ಅಗಲ ಎರಡಡಿಯ ಆಸುಪಾಸು, ಎತ್ತರ ಒಬ್ಬ ಆಳು ನಿಲ್ಲುವಷ್ಟು. ಮುಂದಿದ್ದವರು ಪಿಕಾಸಿಯಿಂದ ಕೊರೆಯುತ್ತಾರೆ, ಹಿಂದಿದ್ದವರು ಮಣ್ಣು ಹೊರಗೆ ಸಾಗಿಸುತ್ತಾರೆ. ಲೆಕ್ಕ ಕೋಲಿನಲ್ಲಿ, ಒಂದು ಕೋಲು ಸುಮಾರು ಎರಡೂವರೆ ಅಡಿ. 'ಎಷ್ಟು ಮೀಟರ್?' ಎಂದು ಕೇಳಿದರೆ ಅಂದಾಜಿನ ಉತ್ತರ ಬರುತ್ತದೆ, 'ಎಷ್ಟು ಕೋಲು?' ಎಂದರೆ ಸರಿಯಾದದ್ದು. ಉರಿವ ಮೇಣದ ಬತ್ತಿ ಬೆಳಕಿಗೂ ಹೌದು, ಗಾಳಿಯ ಪರೀಕ್ಷೆಗೂ ಹೌದು. ಜ್ವಾಲೆ ಕುಗ್ಗಿದರೆ ಎಲ್ಲರೂ ಹೊರಗೆ, ಚಿತ್ರ ಅರ್ಧವಾಗಿದ್ದರೂ. ಮೇಲಿನ ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಗಟ್ಟಿ. ಅದರಡಿಯ ಶೇಡಿಮಣ್ಣು, ಅಂದರೆ ಮೆದು ಜೇಡಿ, ನೀರುಂಡು ಮೆತ್ತಗಾಗಿ ಜರಿಯುತ್ತದೆ. ಹಾಗಾಗಿ ಬಳಕೆ ತಪ್ಪಿದ ಸುರಂಗಕ್ಕೆ ಯಾವ ಕಾಲದಲ್ಲೂ ಕಾಲಿಡಬೇಡಿ, ಬಳಕೆಯಲ್ಲಿರುವುದಕ್ಕೂ ಕೊರೆಯುವವರ ಹಿಂದೆಯೇ ಹೋಗಿ. ಹಾವು, ಬಾವಲಿ, ಮುಳ್ಳುಹಂದಿ ಒಳಗಿರಬಹುದು.

ಎ.ಸಿ. ಕಾರಿನಲ್ಲಿ ತಣ್ಣಗಾದ ಕ್ಯಾಮೆರಾವನ್ನು ನೇರ ಒಳಗೊಯ್ದರೆ ಸುರಂಗದ ತೇವ ಲೆನ್ಸಿನ ಮೇಲೆ ಮಂಜಾಗಿ ಕೂರುತ್ತದೆ, ಒರೆಸಿದಷ್ಟೂ ಮತ್ತೆ. ಅರ್ಧ ಗಂಟೆ ಮೊದಲೇ ಚೀಲವನ್ನು ಮನೆಯ ಜಗಲಿಯಲ್ಲಿಡಿ. ಟ್ರೈಪಾಡಿನ ಕಾಲು ಬಿಡಿಸಲು ಜಾಗವಿಲ್ಲ, ಮಡಚಿ ಒಂಟಿ ಕಾಲಿನಂತೆ ಊರಿ. ಫ್ಲ್ಯಾಶ್ ಬೇಡ: ಎದುರಿನಿಂದ ಬಿದ್ದ ಬೆಳಕಿನಲ್ಲಿ ಪಿಕಾಸಿಯ ಗುರುತುಗಳೆಲ್ಲ ಮಾಯ, ಬಾವಲಿಯೂ ಗಾಬರಿಯಾಗುತ್ತದೆ. ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಹಿಡಿದರೆ ಒಂದೊಂದು ಏಟೂ ಎದ್ದು ಕಾಣುತ್ತದೆ. ಒಳಗೆ ಮಾತು ಗುಂಯ್ಗುಡುತ್ತದೆ, ಮೈಕನ್ನು ಅಂಗಿಗೆ ಸಿಕ್ಕಿಸುವುದೇ ಸರಿ. ಹೆಚ್ಚಿನವರು ಸುರಂಗದ ಬಾಯಿಯ ಫೋಟೋ ತೆಗೆದು ತೃಪ್ತರಾಗುತ್ತಾರೆ. ನೀರು ಆಮೇಲೆ ಎಲ್ಲಿ ಹೋಗುತ್ತದೆ ಎಂಬುದು ಅರ್ಧ ಕಥೆ: ಸೀಳಿದ ಅಡಿಕೆ ಮರದ ದಂಬೆಯಲ್ಲೋ ಈಗಿನ ಪೈಪಿನಲ್ಲೋ ಹರಿದು ಟ್ಯಾಂಕಿಗೆ, ಅಲ್ಲಿಂದ ಅಡುಗೆಮನೆಗೆ, ತೋಟಕ್ಕೆ. ಆ ದಾರಿಯನ್ನು ನಡೆದು ನಕ್ಷೆ ಬರೆದುಕೊಳ್ಳಿ.

ಅಡಿಕೆಗೆ ಅಂಗಳವೇ ಸ್ಟುಡಿಯೊ. ಹಣ್ಣಡಿಕೆ ಬಿಸಿಲಲ್ಲಿ 40-45 ದಿನ ಒಣಗಿ ಚಾಲಿ, ಅಂದರೆ ಬಿಳಿ ಅಡಿಕೆ, ಆಗುತ್ತದೆ. ಸುಲಿಯುವುದು ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಕತ್ತಿಯಲ್ಲಿ, ಕೈಯ ಚಲನೆ ಎಷ್ಟು ಚುರುಕೆಂದರೆ ಮಾಮೂಲು ವಿಡಿಯೋದಲ್ಲಿ ಮಸುಕಾಗುತ್ತದೆ, ಶಟರ್ ವೇಗ ಹೆಚ್ಚಿಸಿ. ಕೂಲಿ ಸುಲಿದ ಕಿಲೋ ಲೆಕ್ಕಕ್ಕೆ, ಆದ್ದರಿಂದ ಪ್ರಶ್ನೆಗೆಂದು ಅವರನ್ನು ನಿಲ್ಲಿಸಿದರೆ ಅದು ಅವರ ನಷ್ಟ. ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟು ಎಂದು ದರ್ಜೆವಾರು ಹೆಕ್ಕುವಾಗ ಒಂದೊಂದರ ಹತ್ತಿರದ ಚಿತ್ರ ತೆಗೆದು ಆಗಲೇ ಹೆಸರು ಬರೆಯಿರಿ. ರಾತ್ರಿ ನೋಡಿದರೆ ಎಲ್ಲ ಒಂದೇ.

ಬೀಡಿ ಕಟ್ಟುವ ಅಕ್ಕಂದಿರದೂ ಇದೇ ಕಥೆ, ಅಲ್ಲಿ ಕೂಲಿ ಸಾವಿರ ಬೀಡಿಗೆ ಇಷ್ಟೆಂಬ ಲೆಕ್ಕ. ಎಲೆ ನೆನೆಹಾಕುವುದು ಹಿಂದಿನ ದಿನ, ಅಳತೆಯ ತಗಡಿಟ್ಟು ಕತ್ತರಿಸುವುದು ಮರುದಿನ. ಬರೀ ಕಟ್ಟುವುದನ್ನಷ್ಟೇ ತೆಗೆದರೆ ಕೆಲಸದ ಭಾರ ತಿಳಿಯುವುದಿಲ್ಲ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ (ಬೀಡಿ ಕೊಳ್ಳುವ ಕೇಂದ್ರಕ್ಕೆ) ಕೊಡುವ ದಿನವೂ ಜೊತೆಗೆ ಹೋಗಲು ಕೇಳಿ.

ಬುಡಕಟ್ಟು ಸಮುದಾಯವಾದ ಕೊರಗರ ಬುಟ್ಟಿ ಹೆಣಿಗೆಯನ್ನು ದಾಖಲಿಸುವವರು ಪರಿಶಿಷ್ಟ ಪಂಗಡ ಅಭಿವೃದ್ಧಿ ಇಲಾಖೆಯ ಅನುಮತಿ ಪಡೆದು, ಅಲ್ಲಿನ ಪ್ರಮೋಟರ್ (ಇಲಾಖೆಯ ಸ್ಥಳೀಯ ಕಾರ್ಯಕರ್ತ) ಮೂಲಕವೇ ಹೋಗಬೇಕು. ಕಾಡಿನಿಂದ ಬೀಳು (ಬಳ್ಳಿ) ತರುವುದರಿಂದ ಹಿಡಿದು ಅಂಚು ಕಟ್ಟುವವರೆಗೆ ನೋಡಿ, ಮಾರುವ ದರವನ್ನೂ ಬರೆದುಕೊಳ್ಳಿ. ಕ್ಯಾಮೆರಾಕ್ಕಾಗಿ ಡೋಲು ಬಾರಿಸಿ ಎನ್ನಬೇಡಿ. ಆ ಸಮುದಾಯವನ್ನು ಡೋಲಿನ ಹೆಸರಲ್ಲೇ ಅವಮಾನಿಸಿದ ಇತಿಹಾಸವಿದೆ.

ಪಡ್ರೆಯ ಕಡೆ ಇನ್ನೊಂದು ಎಚ್ಚರ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನಂತರ, ಅದರ ಸಂತ್ರಸ್ತರನ್ನು ಹುಡುಕಿ ಈ ಮನೆಗಳಿಗೆ ಬಂದ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ. ಕಾಯಿಲೆಯ ಮಕ್ಕಳ ಚಿತ್ರ ಕೇಳಲೇಬೇಡಿ. ಮೊದಲ ಭೇಟಿಗೆ ಕ್ಯಾಮೆರಾ ಚೀಲದಲ್ಲೇ ಇರಲಿ.

ಒಪ್ಪಿಗೆಯನ್ನು ಅವರ ಮಾತಿನಲ್ಲೇ, ದಿನಾಂಕ ಹೇಳಿಸಿ ಧ್ವನಿಮುದ್ರಿಸಿ: ಚಿತ್ರ ಎಲ್ಲಿ ಬಳಕೆ, ಹೆಸರು ಬೇಕೋ ಬೇಡವೋ. ಒಳಊರುಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಎರಡು ಬ್ಯಾಟರಿ, ಎರಡು ಕಾರ್ಡು ಇರಲಿ. ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿ ಮುಗಿಸುವ ಬದಲು ಪೇಟೆಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಮುಂದಿನ ಭೇಟಿಗೆ ಒಯ್ಯಿರಿ. ಚಿತ್ರದಲ್ಲಿನ ಹತಾರದ ಹೆಸರನ್ನು ನೀವು ತಪ್ಪಾಗಿ ಬರೆದಿದ್ದರೆ ಮನೆಯ ಅಜ್ಜನೋ ಅಜ್ಜಿಯೋ ಆಗ ಬೆರಳಿಟ್ಟು ತಿದ್ದುತ್ತಾರೆ.